ಮನೆಯವರ ಸ್ಲೈಡ್

ಬೀದರಿನ ನಮ್ಮ ಲ್ಯಾಬಿನಲ್ಲಿ ಎಲ್ಲಿಯೂ ಬರೆದಿಲ್ಲದ, ಆದರೆ ಎಲ್ಲರೂ ಪಾಲಿಸುವ ಒಂದು ನಿಯಮವಿದೆ: ಮನೆಯವರ ರಕ್ತದ ಸ್ಲೈಡನ್ನು ನಾವೇ ನೋಡಬಾರದು, ಪಕ್ಕದ ಮೇಜಿಗೆ ಕೊಡಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದನ್ನು ಗದರಿಸಿ ಹೇಳಿಕೊಡುವವಳು ನಾನು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅದನ್ನು ಮುರಿದವಳೂ ನಾನೇ.

ನನ್ನ ತಮ್ಮ ಔರಾದಿನಲ್ಲಿ ಗಣಿತದ ಮೇಷ್ಟ್ರು. ಅವನಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಹೈದರಾಬಾದಿನಲ್ಲಿ ಮೂರು ಸುತ್ತು ಔಷಧ ಕೊಟ್ಟರು. ರೋಗ ತಗ್ಗಿತು. ಆದರೆ ಈ ಜಾತಿಯದು ತಿರುಗಿ ಬರುತ್ತದೆ, ಒಡಹುಟ್ಟಿದವರ ಕಾಂಡಕೋಶ, ಅಂದರೆ ಹೊಸ ರಕ್ತ ಹುಟ್ಟಿಸುವ ಕೋಶ, ಹಾಕಲೇಬೇಕು ಎಂದರು ಅಲ್ಲಿನ ಡಾಕ್ಟರು. ನನ್ನ ರಕ್ತ ಅವನಿಗೆ ಅರ್ಧ ಮಾತ್ರ ಹೊಂದಿತು. ಭಾಲ್ಕಿಯ ದೊಡ್ಡಕ್ಕನದು ಪೂರ್ತಿ ಹೊಂದಿತು. ದೊಡ್ಡಕ್ಕ ಭಾಲ್ಕಿಯ ಚರ್ಚಿನ ಮಹಿಳಾ ಸಂಘದ ಹಿರಿಯಳು, ನೂರು ಜನರ ಮುಂದೆ ನಿಂತು ಪ್ರಾರ್ಥನೆ ನಡೆಸುವವಳು, ಆದರೆ ಸೂಜಿ ಕಂಡರೆ ಎಳೆಗೂಸು. ಅಂಥವಳು ಕೋಶ ಕೊಡುವ ದಿನ ಎರಡೂ ಕೈಗೆ ಸೂಜಿ ಚುಚ್ಚಿಸಿಕೊಂಡು, ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತ ನಾಲ್ಕು ತಾಸು ಮಲಗಿದಳು. ಅವಳ ಮೇಲೆ ಎಷ್ಟು ಸಿಟ್ಟು ಬಂದರೂ ಆ ನಾಲ್ಕು ತಾಸು ನೆನಪಾಗಿ ನನ್ನ ಬಾಯಿ ಕಟ್ಟುತ್ತದೆ.

ಅದಕ್ಕೂ ಒಂದು ವಾರ ಮೊದಲು ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದಿದ್ದರು. ರಿಪೋರ್ಟ್ ಓದಬಲ್ಲವಳು ಎಂಬ ಮರ್ಯಾದೆ. ವಯಸ್ಸು, ರೋಗದ ಜಾತಿ, ಮೊದಲ ಔಷಧಕ್ಕೆ ಅದು ಎಷ್ಟು ಬಗ್ಗಿತು, ರಕ್ತದ ಹೊಂದಾಣಿಕೆ ಹೇಗಿದೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಅಂಕಿ ತೆಗೆದರು. ಇವನಂಥ ನೂರು ಜನರಿಗೆ ಕೋಶ ಹಾಕಿದರೆ ಎರಡು ವರ್ಷದ ನಂತರ ಎಷ್ಟು ಜನ ಉಳಿದಿರುತ್ತಾರೆ ಎಂಬ ಅಂಕಿ. ಅದನ್ನು ಇಲ್ಲಿ ಬರೆಯಲಾರೆ. ನಾನು ಹೆದರಿದಷ್ಟು ಸಣ್ಣದಿರಲಿಲ್ಲ, ನೆಮ್ಮದಿಯಿಂದ ಉಣ್ಣುವಷ್ಟು ದೊಡ್ಡದೂ ಇರಲಿಲ್ಲ. ಹೊರಗೆ ಬಂದು ತಮ್ಮನಿಗೂ ದೊಡ್ಡಕ್ಕನಿಗೂ "ಚಲೋ ಅದ ಅಂದಾರ" ಎಂದೆ. ಅಂಕಿ ಬರೆದ ಚೀಟಿಯನ್ನು ಮಡಿಚಿ, ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಹಿಂದೆ ಸೇರಿಸಿಬಿಟ್ಟೆ. ಅಂದಿನಿಂದ ಅದನ್ನು ದಿನವಿಡೀ ಎದೆಯ ಮೇಲೆ ಹೊತ್ತುಕೊಂಡು ತಿರುಗಿದೆ.

ಕೋಶ ಹಾಕಿದರು. ಬಾಯಿಹುಣ್ಣು, ಜ್ವರ, ವಾಂತಿ ಎಲ್ಲವನ್ನೂ ಅವನು ದಾಟಿದ. ನೂರು ದಿನ ಆಸ್ಪತ್ರೆಯ ಹತ್ತಿರವೇ ಕೋಣೆ ಮಾಡಿಕೊಂಡಿದ್ದು ಊರಿಗೆ ಬಂದ. ಆಮೇಲೆ ವಾರಕ್ಕೊಮ್ಮೆ ಔರಾದಿನಿಂದ ಬಸ್ಸು ಹತ್ತಿ ನಮ್ಮ ಲ್ಯಾಬಿಗೆ ಬಂದು ರಕ್ತ ಕೊಡುತ್ತಿದ್ದ. ಸ್ಲೈಡು ಪಕ್ಕದ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಕೂರುವವಳು ನಾನೇ ಕಲಿಸಿದ ಹೆಣ್ಣುಮಗಳು, ಕಣ್ಣು ಸೂಕ್ಷ್ಮ.

ಕೋಶ ಹಾಕಿದ ಐದನೆಯ ತಿಂಗಳ ಒಂದು ಮಂಗಳವಾರ ಅವಳು ರಜೆಯಲ್ಲಿದ್ದಳು. ತಮ್ಮ ಮಾಸ್ಕಿನೊಳಗೇ ಸೀನುತ್ತ ಬಂದ. ಮೂರು ದಿನದಿಂದ ನೆಗಡಿ, ಮೈ ಬೆಚ್ಚಗಿದೆ ಎಂದ. ರಕ್ತ ತೆಗೆದು ಅವನನ್ನು ಬಸ್ಸಿಗೆ ಕಳಿಸಿದೆ. ನಮ್ಮ ಲ್ಯಾಬಿನ ಡಾಕ್ಟರು ಬರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಕಾಯಬೇಕಿತ್ತು. ಕಾಯಲಿಲ್ಲ, ಸ್ಲೈಡನ್ನು ನಾನೇ ಏರಿಸಿದೆ.

ದೊಡ್ಡ ದೊಡ್ಡ ಕೋಶಗಳು. ಅಂಚು ಕಡುನೀಲಿ, ನಡುವೆ ಒಡ್ಡೊಡ್ಡಾದ ಬೀಜ. ಬ್ಲಡ್ ಕ್ಯಾನ್ಸರಿನ ಕೋಶ ಕಾಣುವುದೂ ಹೀಗೆಯೇ. ನೂರು ಕೋಶ ಎಣಿಸಿದೆ, ಏಳು ಸಿಕ್ಕವು. ಮತ್ತೊಂದು ನೂರು ಎಣಿಸಿದೆ, ಒಂಬತ್ತು. ರೋಗ ತಿರುಗಿ ಬಂತು ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಚೀಟಿಯಲ್ಲಿದ್ದ ಅಂಕಿಯ ಕೆಟ್ಟ ಭಾಗಕ್ಕೆ ನನ್ನ ತಮ್ಮ ಸೇರಿದ ಎನಿಸಿತು. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಭಾಲ್ಕಿಗೆ ಫೋನ್ ಹಚ್ಚಿ ದೊಡ್ಡಕ್ಕನಿಗೆ ಎಲ್ಲ ಹೇಳಿ, ಯಾರ ಮುಂದೂ ಬಾಯಿ ಬಿಡಬೇಡ, ಬರೀ ಪ್ರಾರ್ಥನೆ ಮಾಡು ಎಂದೆ.

ಎಂಥ ದಡ್ಡಿ ನಾನು! ನಮ್ಮ ಮಂದಿಯಲ್ಲಿ ಪ್ರಾರ್ಥನೆ ಎಂದರೆ ಬಾಗಿಲು ಹಾಕಿಕೊಂಡು ಮಾಡುವಂಥದ್ದೇ? ದೊಡ್ಡಕ್ಕನ ದೃಷ್ಟಿಯಲ್ಲಿ ಒಬ್ಬಳ ಮೊರೆಗಿಂತ ನಲವತ್ತು ಜನರ ಮೊರೆಗೆ ಬಲ ಹೆಚ್ಚು. ಮರುದಿನಕ್ಕೆ ಉಪವಾಸ ಪ್ರಾರ್ಥನೆ ಇಡಿಸಿ, ತಮ್ಮನ ಹೆಸರು ಕೊಟ್ಟು, ಕಾರಣವನ್ನೂ ಹೇಳಿದಳು. ಭಾಲ್ಕಿಯ ಹೆಂಗಸರು ಔರಾದಿನಲ್ಲಿರುವ ತಂತಮ್ಮ ಅಕ್ಕತಂಗಿಯರಿಗೂ ಫೋನ್ ಮಾಡಿ ಉಪವಾಸಕ್ಕೆ ಕರೆದರು. ಹೇಳಿದವರೆಲ್ಲ ಅಕ್ಕರೆಯಿಂದಲೇ ಹೇಳಿದರು. ತಮ್ಮನ ಬಸ್ಸಿಗಿಂತ ಮೊದಲು ಸುದ್ದಿ ಔರಾದು ಮುಟ್ಟಿತ್ತು.

ಸಂಜೆ ಡಾಕ್ಟರು ಸ್ಲೈಡನ್ನು ಹತ್ತು ನಿಮಿಷ ನೋಡಿದರು. ನೆಗಡಿ ಜ್ವರದಲ್ಲಿ ಬಿಳಿಕಣ ಹೀಗೆ ಉಬ್ಬುತ್ತವೆ, ನೀವೇ ಎಲ್ಲರಿಗೂ ಕಲಿಸುವ ಪಾಠವಲ್ಲವೇ ಇದು ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಕನ್ನಡಕ ತೆಗೆದು, "ಖರೆ, ಇಂವನ ವಿಷಯದಾಗ ಅಂದಾಜಿನ ಮ್ಯಾಲೆ ಬಿಡಂಗಿಲ್ಲರಿ. ಹೈದರಾಬಾದಿಗಿ ಕಳಸ್ರಿ, ಎಲುಬಿನ ಪರೀಕ್ಷೆ ಆಗ್ಲಿ" ಎಂದರು. ರೋಗ ಇರಲೂಬಹುದು, ಇಲ್ಲದಿರಲೂಬಹುದು. ತಮ್ಮನಿಗೆ ಫೋನ್ ಹಚ್ಚಿದರೆ ಅವನು ಎತ್ತಲಿಲ್ಲ.

ಮರುದಿನ ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಅಕ್ಕ, ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ನನ್ನ ಕೈ ಹಿಡದು ಅತ್ಲು. ನನಗ ಯಾನಾಗ್ಯಾದ ಅಂತ ನನಗೇ ಗೊತ್ತಿಲ್ಲ, ಆಕಿಗಿ ಗೊತ್ತದ. ಹ್ಯಾಂಗ?"

ಒಂದೂ ಬಿಡದೆ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಕೈ ಚಾಚಿದ.

"ಅವತ್ತು ಚಲೋ ಅದ ಅಂದಾಗ ನಿನ್ನ ಮಾರಿ ನೋಡೀನಿ. ಡಾಕ್ಟ್ರು ಅಂಕಿ ಕೊಟ್ಟಾರ. ತಾ ಇಲ್ಲಿ."

ಚೀಟಿ ತೆಗೆದುಕೊಟ್ಟೆ. ಬೆವರಿಗೆ ಮೆತ್ತಗಾಗಿತ್ತು. ಮಕ್ಕಳ ಉತ್ತರಪತ್ರಿಕೆ ನೋಡುವಂತೆ ಹುಬ್ಬು ಗಂಟಿಕ್ಕಿ ಓದಿದ.

"ಇದು ಸೆಲ್ ಹಾಕೋ ಮೊದಲಿನ ಲೆಕ್ಕ. ಈ ನೂರು ಮಂದ್ಯಾಗ ಮೊದಲಿನ ನೂರು ದಿನಕ್ಕೇ ಹೋದವ್ರೂ ಅದಾರ. ನಾ ಅದು ದಾಟೀನಿ, ನನ್ನ ಲೆಕ್ಕ ಬ್ಯಾರೆ ಆಗ್ಯಾದ. ಹಳೀ ಪ್ರಶ್ನೆಪತ್ರಿಕೆ ಹಿಡ್ಕೊಂಡು ಐದು ತಿಂಗಳು ಕುಂತೀದಿ ನೀ."

ಆಮೇಲೆ ದನಿ ತಗ್ಗಿಸಿ, ಸ್ಲೈಡಿನಲ್ಲಿದ್ದದ್ದು ಖರೇ ರೋಗವೇ ಆದರೆ ಹೊಸ ಲೆಕ್ಕ ಇದಕ್ಕಿಂತ ಕೆಟ್ಟದ್ದು, ಅದೂ ತನಗೆ ಗೊತ್ತು ಎಂದ. ಚೀಟಿಯನ್ನು ತನ್ನ ಜೇಬಿಗೆ ಹಾಕಿಕೊಂಡ.

"ಇನ್ನ ಮ್ಯಾಲೆ ಏನೇ ಇದ್ರೂ ಮೊದಲು ನನಗ ಹೇಳು. ಹೆಸರು ನಂದು, ರಕ್ತ ನಂದು."

ಹೈದರಾಬಾದಿಗೆ ಹೋಗಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆಸಿಕೊಂಡು ಬಂದೆವು. ಫಲಿತಾಂಶಕ್ಕೆ ಹತ್ತು ದಿನ ಎಂದರು. ತಮ್ಮ ನಮ್ಮ ಮನೆಯಲ್ಲೇ ಉಳಿದ. ದೊಡ್ಡಕ್ಕನೂ ಭಾಲ್ಕಿಯಿಂದ ಬಂದು ಕೂತಳು. ನೆಗಡಿ ಇಳಿದಿತ್ತು, ಆದರೂ ನಾನು ದಿನಕ್ಕೆ ನಾಲ್ಕು ಸಲ ಅವನ ಹಣೆ ಮುಟ್ಟುತ್ತಿದ್ದೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದು ಅವನು ಕೆಣಕುತ್ತಿದ್ದ. ಆದರೆ ಫೋನ್ ಸದ್ದಾದರೆ ಅವನ ಕೈಯಲ್ಲಿನ ರೊಟ್ಟಿಯೂ ತಾಟಿನ ಮೇಲೆ ನಿಲ್ಲುತ್ತಿತ್ತು. ದೊಡ್ಡಕ್ಕ ಸರಿಯಾಗಿ ಉಣ್ಣುತ್ತಿರಲಿಲ್ಲ. ಕೊಟ್ಟ ರಕ್ತವೇ ಸೋತಿತು, ನನ್ನಲ್ಲೇ ಏನೋ ಕೊರತೆ ಎಂದು ಅವಳ ಒಂದೇ ಜಪ. ಆರನೆಯ ದಿನ ಆ ನಾಲ್ಕು ತಾಸಿನ ನೆನಪೂ ನನ್ನನ್ನು ತಡೆಯಲಿಲ್ಲ. ನಲವತ್ತು ಮಂದಿಗೆ ಡಂಗುರ ಸಾರಿದ್ದು ಸಾಲದೇ, ಈಗ ಉಪವಾಸ ಬಿದ್ದು ನೀನೂ ಮಲಗು ಎಂದು ಒದರಿದೆ. ಹೇಳಿಕೊಂಡವಳು ನಾನು, ಬೈದದ್ದು ಅವಳಿಗೆ.

ಒಂಬತ್ತನೆಯ ದಿನ ಮಧ್ಯಾಹ್ನ ಫೋನ್ ಬಂತು. ಮಾತಾಡಿದವನು ತಮ್ಮನೇ. "ಹೂಂರಿ, ಹೂಂರಿ" ಎಂದಷ್ಟೇ ಅಂದು ಫೋನನ್ನು ಮೆಲ್ಲಗೆ ಕೆಳಗಿಟ್ಟ. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ.

"ರೋಗ ಇಲ್ಲಂತ. ಎಲ್ಲಾ ಸೆಲ್ ದೊಡ್ಡಕ್ಕನ್ವೇ ಅವಂತ, ನನ್ನ ಹಳೀವು ಒಂದೂ ಉಳಿದಿಲ್ಲಂತ."

ದೊಡ್ಡಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಹಂಗಾದ್ರ ನೀ ಅವತ್ತು ಕ್ಯಾನ್ಸರ್ ಅಂದದ್ದು ನನ್ನ ಸೆಲ್ಲಿಗೇನು?"

ಹೌದು. ಅವನ ನೆಗಡಿಯ ಜೊತೆ ಗುದ್ದಾಡುತ್ತಿದ್ದ ಅವಳ ಕೋಶಗಳನ್ನೇ ನಾನು ಶತ್ರು ಎಂದು ಎಣಿಸಿದ್ದೆ, ನೂರಕ್ಕೆ ಏಳರಂತೆ, ಒಂಬತ್ತರಂತೆ. ಅವಳ ಕೈ ಹಿಡಿದುಕೊಂಡೆ, ತಪ್ಪಾಯಿತು ಎಂದೆ. ಅವಳು ರೊಟ್ಟಿ ಕೇಳಿದಳು.

ಚೀಟಿಯ ಲೆಕ್ಕದ ಎರಡು ವರ್ಷ ಇನ್ನೂ ತುಂಬಿಲ್ಲ. ಈಗ ಅವನು ತಿಂಗಳಿಗೊಮ್ಮೆ ಬರುತ್ತಾನೆ. ಅವನ ಸ್ಲೈಡು ಏರುವ ಹೊತ್ತಿಗೆ ನಾನು ಕುರ್ಚಿ ಬಿಟ್ಟೆದ್ದು, ಹೊರಗೆ ರೋಗಿಗಳ ಮನೆಯವರು ಕೂರುವ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತೇನೆ. ಆ ಬೆಂಚಿನವರು ಕಿಟಕಿಗೆ ಬಂದು ಇಣುಕಿದಾಗಲೆಲ್ಲ, ಒಂದು ತಾಸು ತಡೆಯಲಾರದ ಜನ ಎಂದು ಇಪ್ಪತ್ತೆರಡು ವರ್ಷ ಗೊಣಗಿದವಳು ನಾನು. ಮೊನ್ನೆ ಮೂರನೆಯ ಸಲ ಎದ್ದು ಕಿಟಕಿಗೆ ಹೋದೆ. ನಾನೇ ಕಲಿಸಿದ ಆ ಹೆಣ್ಣುಮಗಳು ಮೈಕ್ರೊಸ್ಕೋಪಿನಿಂದ ತಲೆ ಎತ್ತದೆ, ನನ್ನದೇ ದನಿಯಲ್ಲಿ ಅಂದಳು:

"ಇನ್ನಾ ಆಗಿಲ್ಲರಿ. ಹೋಗಿ ಕೂಡ್ರಿ."

ಹೋಗಿ ಕೂತೆ.