ಹನ್ನೊಂದನೆಯ ಅರ್ಜಿ

ನಮ್ಮತ್ತೆ ಲಿಂಗಕ್ಕ ದೇವನಕೊಂಡದಲ್ಲಿ ಕುರಿ ಸಾಕಿಯೇ ಕಿರಿಮಗನನ್ನು ಬಿ.ಎ. ಓದಿಸಿದವರು, ಅವರಿಗೆ ಓದು ಬಾರದು. ಆ ಮಗ, ನನ್ನ ಮೈದುನ ಉಚ್ಚೀರಪ್ಪ, ಆದವಾನಿಯ ಹತ್ತಿ ಮಿಲ್ಲಿನ ಗುಮಾಸ್ತ ಕೆಲಸಕ್ಕೆ ಅರ್ಜಿ ಬರೆಯುತ್ತಲೇ ಇದ್ದ. ಒಂದಕ್ಷರ ಸೊಟ್ಟಗಾದರೂ ಹಾಳೆ ಮೂಲೆಗೆ. ಅಷ್ಟರಲ್ಲಿ ಬೇರೆ ಯಾರನ್ನಾದರೂ ತೆಗೆದುಕೊಂಡುಬಿಟ್ಟರೆ? ನನ್ನ ಕೂಸಿನ ಜ್ವರದ ನಡುವೆಯೂ ನನಗೆ ಅದೇ ಚಿಂತೆ.

ಹನ್ನೊಂದನೆಯದನ್ನು ಬರೆಯುವಾಗ ಸಂದರ್ಶನಕ್ಕೆ ಬರಲು ಮಿಲ್ಲಿನಿಂದ ಕಾರ್ಡು ಬಂತು.

“ನಾನಿನ್ನೂ ಅರ್ಜಿ ಕಳಿಸೇ ಇಲ್ಲಲ್ಲ!”

“ನಾನು ಕಳಿಸೀನಿ. ಪೋಸ್ಟಿನವನ ಕೈಲೆ ವಿಳಾಸ ಬರೆಸಿದೆ,” ಎಂದರು ಅತ್ತೆ.

“ಯವ್ವಾ, ಯಾವುದು ಕಳಿಸಿದಿ?”

“ಮೂಲ್ಯಾಗ ಬಿದ್ದಿದ್ದು ಒಂದು. ನನಗ ಎಲ್ಲಾ ಒಂದಾ ನಮೂನಿ ಕಾಣ್ತಾವಪ್ಪಾ!”

ಮರುದಿನ ಅವನು ಅಂಗಿಗೆ ಮೂರನೆಯ ಸಲ ಇಸ್ತ್ರಿ ಹಾಕಲು ಹೊರಟಾಗ, ಅತ್ತೆ ಅದನ್ನು ಕಸಿದು ಅವನಿಗೆ ತೊಡಿಸಿ ಬಸ್ಸು ಹತ್ತಿಸಿಬಿಟ್ಟರು.