ಯಾವ ಸಮುದ್ರದ ಮಟ್ಟ?

ನಮ್ಮ ಅತ್ತಿಗೆಯ ತವರು ಕುಮಟೆಯ ಹತ್ತಿರ, ಒಂದು ಹೊಳೆ ಕಡಲು ಸೇರುವ ಅಳಿವೆಯ ಕಡೆ. ಅರವತ್ತರ ದಶಕದ ಒಂದು ಮಳೆಗಾಲ ಮುಗಿದ ಮೇಲೆ ಅವರ ತಂದೆ ಹರಿಹರಕ್ಕೆ ಬಂದರು. ನಾನಾಗ ದಾವಣಗೆರೆಯ ಹೈಸ್ಕೂಲೊಂದರಲ್ಲಿ ಭೂಗೋಳದ ಮಾಸ್ತರ. ಹರಿಹರದ ಅಣ್ಣನ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ.

ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದಾಗ, ಅವರು ಕೈಚೀಲ ಕೆಳಗಿಟ್ಟು ಹಳದಿ ಬೋರ್ಡನ್ನೇ ನೋಡುತ್ತ ನಿಂತಿದ್ದರು. ಊರಿನ ಹೆಸರಿನ ಕೆಳಗಿದ್ದ ಅಂಕಿ ಏನೆಂದು ಕೇಳಿದರು. ಸಮುದ್ರ ಮಟ್ಟದಿಂದ ಈ ಊರು ಇರುವ ಎತ್ತರ ಎಂದೆ.

"ಯಾವ ಸಮುದ್ರ? ನಮ್ಮದು ಇದ್ದಲ್ಲಿ ಇರೋದಿಲ್ಲ, ಮಾಸ್ತರೇ."

ಮನೆಗೆ ಬಂದ ಮೇಲೆ ವಿಷಯ ತಿಳಿಯಿತು. ಆ ಮಳೆಗಾಲದಲ್ಲಿ ಕಡಲು ಅವರ ತೆಂಗಿನ ತೋಟವನ್ನೂ ದನದ ಕೊಟ್ಟಿಗೆಯನ್ನೂ ಎಳೆದುಕೊಂಡಿತ್ತು. ಮನೆ ಉಳಿದಿದ್ದರೂ ಅಲೆಯ ನೀರು ಅಂಗಳದವರೆಗೆ ಬರುತ್ತಿತ್ತು. ಹೊಸ ಮನೆ ಎಲ್ಲಿ ಕಟ್ಟಬೇಕೆಂದು ಅಳಿಯನನ್ನು ಕೇಳಲು ಬಂದಿದ್ದರು. ಅಣ್ಣ ಹತ್ತಿ ಮಿಲ್ಲಿನ ಕೆಲಸದವನು. ನನ್ನ ಕಡೆ ಕೈ ತೋರಿಸಿ, "ಇವ್ನು ಓದ್ಯಾನೆ, ಇವನ್ನ ಕೇಳ್ರಿ" ಅಂದ.

ನಾನು ಓದಿದ್ದನ್ನು ಹೇಳಿದೆ. ಬಹಳ ಹಿಂದೆ ಭೂಮಿ ತಣ್ಣಗಾಗಿ, ನೀರು ಹಿಮವಾಗಿ ನೆಲದ ಮೇಲೆ ನಿಂತಾಗ ಕಡಲು ತುಂಬ ತಗ್ಗಿಗೆ ಇಳಿದಿತ್ತು. ಈಗ ಹಡಗು ಓಡಾಡುವ ಕಡೆ ಒಣ ನೆಲವಿತ್ತು. ಹಿಮ ಕರಗಿ ನೀರು ಏರಿತು. ಉಳಿದ ಹಿಮವೂ ಕರಗಿದರೆ ಇನ್ನೂ ಏರುತ್ತದೆ.

ಅವರು ಕೇಳಿಸಿಕೊಂಡು, ಊರಾಚೆ ಗದ್ದೆಯಲ್ಲಿ ಬಾವಿ ತೋಡುವಾಗ ಕಡಲ ಚಿಪ್ಪುಗಳು ಸಿಕ್ಕ ಸಂಗತಿ ಹೇಳಿದರು. ನನಗೆ ಉತ್ಸಾಹ ಬಂತು. "ನೋಡ್ರಿ ಮಾವಾರೆ, ಒಂದಾನೊಂದು ಕಾಲಕ್ಕೆ ಅಲ್ಲೀತನ ನೀರಿತ್ತು. ಈಗ ಮತ್ತೆ ಬರಾಕತ್ತೈತೆ" ಎಂದುಬಿಟ್ಟೆ. ಅತ್ತಿಗೆ ಅಡಿಗೆಮನೆಯಿಂದ ಹೊರಗೆ ಬಂದರು. "ಹಂಗಂದ್ರ ನಮ್ಮ ಊರೇ ಹೋಗ್ತೈತೇನು?" ಎಂದು ಕೇಳಿದರು. ಬಲ್ಲವರನ್ನು ಕೇಳೋಣ ಎಂದೆ.

ಮರುದಿನ ಮಾವನನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ನನಗೆ ಪರಿಚಯವಿದ್ದ ಭೂವಿಜ್ಞಾನದ ಉಪನ್ಯಾಸಕರೊಬ್ಬರು ಪಿ.ಜೆ. ಬಡಾವಣೆಯಲ್ಲಿದ್ದರು. "ಬರ್ರಿ, ಕೂಡ್ರಿ" ಎಂದವರೇ ಹೊಳೆಯ ಬಾಯಿ ಯಾವ ಕಡೆಗಿದೆ, ಈಚೆಗೆ ಸರಿದಿದೆಯೇ ಎಂದು ಕೇಳಿದರು. ಸರಿದಿತ್ತು, ಅಳಿವೆ ತೋಟದ ಕಡೆಗೇ ಬಂದಿತ್ತು.

"ಹಂಗಿದ್ರೆ ಇದು ಹೊಳೆ, ಮರಳಿನ ಕೆಲಸ ಇರಬೇಕ್ರಿ. ಸಮುದ್ರ ಮಟ್ಟ ಏರೋದು ಬ್ಯಾರೆ ಮಾತು. ಅದು ಒಂದು ಮಳೆಗಾಲದಾಗೆ ಕಾಣಂಗಿಲ್ಲ. ಬಂದರಿನಾಗೆ ಬಹಳ ವರ್ಷ ನೀರು ಅಳೆದ್ರೆ ಗೊತ್ತಾಗ್ತೈತೆ."

"ತಿಂದದ್ದು ಯಾರಾದ್ರೆ ಎಂತ, ತೋಟ ಹೋಯ್ತಲ್ಲ" ಎಂದರು ಮಾವ. ಬಾವಿಯಲ್ಲಿ ಕಡಲ ಚಿಪ್ಪು ಸಿಕ್ಕಿದ್ದನ್ನು ಹೇಳಿ, "ಆ ಚಿಪ್ಪು?" ಎಂದು ಕೇಳಿದರು.

"ಅಲ್ಲಿ ಒಮ್ಮೆ ಕಡಲು ಇದ್ದದ್ದು ಖರೆ ಇರಬಹುದು. ನಿಮ್ಮ ಕಾಲಕ್ಕೆ ಬರ್ತೈತೆ ಅಂತ ನಾ ಹೇಳಂಗಿಲ್ಲ, ಬರಂಗಿಲ್ಲ ಅಂತನೂ ಹೇಳಂಗಿಲ್ಲ. ದಿನ್ನೆ ಐತೇನು? ಅದರ ಮ್ಯಾಲೆ ಕಟ್ರಿ."

ವಾಪಸು ಬರುವಾಗ ರೈಲಿನಲ್ಲಿ ಅವರು ಕಿಟಕಿಯಾಚೆಯ ದಿನ್ನೆಗಳನ್ನು ನೋಡುತ್ತ ಕೂತಿದ್ದರು. ಎರಡು ಬೇರೆ ಸಂಗತಿಗಳನ್ನು ಒಂದೇ ಮಾಡಿ ಒಂದು ಮನೆಯವರನ್ನು ಹೆದರಿಸಿದ್ದೆ ಎನ್ನುವುದಷ್ಟೇ ನನಗೆ ತಿಳಿದಿತ್ತು.

ಅವರು ಊರಿನ ಹಿಂದಿನ ಗುಡ್ಡದ ಮೇಲೆ ಮನೆ ಕಟ್ಟಿದರು. ಕೆಲವು ವರ್ಷಗಳಾದ ಮೇಲೆ, ಅತ್ತಿಗೆಯ ಮಗುವಿನ ನಾಮಕರಣಕ್ಕೆ ಬಂದಾಗ ಹೊಸ ಸುದ್ದಿ ತಂದಿದ್ದರು. ಹೊಳೆಯ ಬಾಯಿ ಮತ್ತೆ ಆಚೆ ಸರಿದು, ಕೊಚ್ಚಿಹೋಗಿದ್ದ ದಡದಲ್ಲಿ ಮರಳು ಬಂದು ಕೂತಿತ್ತಂತೆ. ಅಲ್ಲಿ ತೆಂಗಿನ ಸಸಿ ನೆಟ್ಟಿದ್ದರು.

"ಮನೇನೂ ಕೆಳಗೆ ಕಟ್ತೀರೇನು?" ಎಂದು ಅಣ್ಣ ಕೇಳಿದ.

"ಇಲ್ಲ. ಗುಡ್ಡ ಹತ್ತಿ ಹತ್ತಿ ನಿಮ್ಮ ಅತ್ತೆ ದಿನಾ ಬೈತಾಳೆ. ಬೈಲಿ."