ನಾಲ್ಕು ಊರಿನ ಒಂದು ಫೋಟೋ

ನಮ್ಮ ಮನೆತನದಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಕೊಟ್ಟ ಊರಿನಿಂದಲೇ ಕರೆಯುತ್ತೇವೆ. ಅವ್ವನ ಮೂವರು ತಂಗಿಯರು ನನಗೆ ಸಿಂದಗಿ ಚಿಗವ್ವ, ಮುದ್ದೇಬಿಹಾಳ ಚಿಗವ್ವ, ಬಾಗೇವಾಡಿ ಚಿಗವ್ವ. ನಾಲ್ವರಲ್ಲಿ ಹಿರಿಯಳಾದ ನನ್ನ ಅವ್ವ ಇಂಡಿಯಲ್ಲಿ, ನನ್ನ ಮನೆಯಿಂದ ಎರಡು ಓಣಿ ಆಚೆ ಇದ್ದಾಳೆ. ಅವರು ಹುಟ್ಟಿದ್ದು ಹೊರ್ತಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಹಾಗಾಗಿ ಮೂವರು ತಂಗಿಯರಿಗೂ ತವರು ಅಂದರೆ ಅಕ್ಕನ ಮನೆಯೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಒಂದು ಗದರಿಕೆಗೆ ಇಡೀ ತರಗತಿಯನ್ನು ಸುಮ್ಮನಾಗಿಸಬಲ್ಲೆ. ಈ ನಾಲ್ವರು ಒಂದೆಡೆ ಕೂತರೆ ಮಾತ್ರ ನನ್ನ ಆಟ ನಡೆಯುವುದಿಲ್ಲ.

ನನಗೊಂದು ಹುಚ್ಚಿದೆ. ಹಳೆಯ ರೀಲು ಕ್ಯಾಮೆರಾದ ಹುಚ್ಚು. ವಿಜಯಪುರದಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಮುದುಕರೊಬ್ಬರು ಕಪಾಟು ಖಾಲಿ ಮಾಡುವಾಗ ಒಂದು ಡಬ್ಬಿ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ಒಯ್ರಿ ಬಾಯಾರ, ಇದರಾಗ ಕೆಡಾಕ ಏನೂ ಇಲ್ಲ" ಅಂದಿದ್ದರು. ಅವರ ಮಾತು ನಿಜ. ಕರೀ ಡಬ್ಬಿ, ಮುಂದೆ ಒಂದು ಕಣ್ಣು, ಅದನ್ನು ತೆರೆದು ಮುಚ್ಚುವ ಒಂದು ಸಣ್ಣ ಹಿಡಿಕೆ, ಮೇಲೆ ಇಣುಕಿ ನೋಡಲು ಒಂದು ಪುಟ್ಟ ಗಾಜು, ರೀಲನ್ನು ಮುಂದಕ್ಕೆ ಸರಿಸಲು ಬದಿಗೊಂದು ತಿರುಪು, ಅಷ್ಟೇ. ಒಂದು ರೀಲಿಗೆ ಎಂಟೇ ಎಂಟು ಫೋಟೋ. ಮೊಬೈಲಿನಲ್ಲಿ ಒಂದು ತಾಟು ಊಟಕ್ಕೇ ಎಂಟು ಫೋಟೋ ತೆಗೆಯುವ ಈ ಕಾಲದಲ್ಲಿ ನಾನು ಎಂಟರಲ್ಲಿ ಒಂದು ತಿಂಗಳು ಕಳೆಯುತ್ತೇನೆ. ಎಂಟೇ ಇವೆ ಅಂದಾಗ ಎದುರಿಗಿರುವ ಮನುಷ್ಯರನ್ನು ಮೊದಲು ಕಣ್ಣು ತುಂಬ ನೋಡಲೇಬೇಕಾಗುತ್ತದೆ. ಆ ಕ್ಯಾಮೆರಾದ ಮೇಲೆ ನನಗಿರುವ ಗೌರವ ಅದಕ್ಕೇ.

ರೀಲು ತೊಳೆಯುವುದೂ ಮನೆಯಲ್ಲೇ. ಬಚ್ಚಲಿನ ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಸೀರೆ ತುರುಕಿ ನಾನು ಒಳಗೆ ಕೂತರೆ ಹೊರಗೆ ಗಂಡ ಟಾವೆಲ್ ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಾರೆ. "ಏ, ನಿನ್ನ ಅಮಾಸಿ ಮುಗೀತೇನ? ನಾ ಜಳಕ ಮಾಡಬೇಕ" ಎನ್ನುತ್ತಾರೆ. ಅವರಿಗೆ ಈ ಡಬ್ಬಿಯ ಮೇಲೆ ಸಿಟ್ಟು ಬರಲು ಇನ್ನೊಂದು ಕಾರಣವೂ ಇದೆ. ಒಮ್ಮೆ ಅವರು ಕಟ್ಟೆಯ ಮೇಲೆ ಪೇಪರು ಓದುವಾಗ ಫೋಟೋ ತೆಗೆದವಳು ತಿರುಪು ತಿರುಗಿಸುವುದನ್ನು ಮರೆತು, ಅದರ ಮೇಲೆಯೇ ಪಕ್ಕದ ಮನೆಯವರ ಎಮ್ಮೆಯ ಫೋಟೋ ತೆಗೆದಿದ್ದೆ. ಎರಡೂ ಒಂದರ ಮೇಲೊಂದು ಬಿದ್ದು ಗಂಡನ ತಲೆಯ ಮೇಲೆ ಜೋಡಿ ಕೊಂಬು ಬಂದಿದ್ದವು. ಅವ್ವ ಆ ಫೋಟೋ ನೋಡಿ ನಕ್ಕು ನಕ್ಕು ಸುಸ್ತಾದಳು. ಗಂಡ ಎರಡು ದಿನ ಮಾತು ಬಿಟ್ಟರು.

ಹೋದ ವರ್ಷ ಬಾಗೇವಾಡಿ ಚಿಗವ್ವನ ಮೊಮ್ಮಗನ ತೊಟ್ಟಿಲ ಕಾರ್ಯ ಇತ್ತು. ಚಿಗವ್ವ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ಆಗಷ್ಟೇ ನಿವೃತ್ತಳಾಗಿದ್ದಳು. ಮಿತಭಾಷಿ. ಮೂರನೇ ಇಯತ್ತೆಯಲ್ಲಿ ಮಾಸ್ತರು ಹಲಗೆ ಓದಲು ಹೇಳಿ, ಇವಳಿಗೆ ಹಲಗೆಯೇ ಕಾಣುವುದಿಲ್ಲವೆಂದು ಗೊತ್ತಾದ ದಿನದಿಂದ ದಪ್ಪ ಗಾಜಿನ ಕನ್ನಡಕ. ಅದಿಲ್ಲದೆ ಅವಳನ್ನು ನಾನಂತೂ ಕಂಡಿರಲಿಲ್ಲ. ಸಾವಿರ ಕೂಸುಗಳನ್ನು ಕೈಯಲ್ಲಿ ಹಿಡಿದವಳು, ಹೆತ್ತವರಿಗೆ "ನೋಡ್ರಿ, ನಿಮ್ಮಂಗ ಐತಿ" ಎಂದು ಮೊದಲು ಹೇಳುತ್ತಿದ್ದವಳು ಅವಳೇ. ಅವತ್ತು ತೊಟ್ಟಿಲ ಸುತ್ತ ಹೆಂಗಸರೆಲ್ಲ ಸೇರಿ ಮೂಗು ಅಪ್ಪಂದು, ಹಣೆ ಸೋದರಮಾವಂದು ಎಂದು ಕೂಸನ್ನು ಹಂಚಿಕೊಳ್ಳುತ್ತಿದ್ದರು. ಸಿಂದಗಿ ಚಿಗವ್ವ, "ಗದ್ದ ನೋಡ್ರಿ, ನಮ್ಮ ಅವ್ವಂದು" ಅಂದಳು. ಬಾಗೇವಾಡಿ ಚಿಗವ್ವ ಎದ್ದು ಅಡುಗೆಮನೆಗೆ ಹೋದಳು.

ನಾನು ಹಿಂದೆಯೇ ಹೋದೆ. ಒಲೆಯ ಮೇಲಿನ ಹಾಲು ನೋಡುತ್ತ ನಿಂತಿದ್ದಳು. "ಅವ್ವ ತೀರಿಕೊಂಡಾಗ ನಾ ಎಂಟು ತಿಂಗಳ ಕೂಸವಾ. ಆಕಿ ಮಾರಿ ನಾ ನೋಡೇ ಇಲ್ಲ. ಒಂದ್ ಫೋಟೋನೂ ಇಲ್ಲ. ಕನಸಿನಾಗ ಬಂದು ಮುಂದ ನಿಂತ್ರೂ ನನಗ ಗುರ್ತ ಸಿಗಂಗಿಲ್ಲ" ಅಂದಳು. ದುಃಖದಿಂದ ಅಂದದ್ದಲ್ಲ, ದವಾಖಾನೆಯಲ್ಲಿ ಜ್ವರ ಎಷ್ಟಿದೆಯೆಂದು ಹೇಳುವಂತೆ ಅಂದಳು. ಅದನ್ನು ನನಗೆ ತಡೆಯಲಾಗಲಿಲ್ಲ. ಏನೂ ಯೋಚಿಸದೆ, "ನಾ ತೋರಸ್ತೇನಿ ಚಿಗವ್ವ" ಅಂದುಬಿಟ್ಟೆ.

ಆಡಿದ ಮೇಲೆ ಮಾಡಬೇಕಲ್ಲ. ಅಜ್ಜಿಯ ಫೋಟೋ ನಿಜಕ್ಕೂ ಇಲ್ಲ. ಒಂದು ಮದುವೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದಾಗ ಅವಳು ಒಳಗೆ ಹೋಳಿಗೆ ಬೇಯಿಸುತ್ತಿದ್ದಳಂತೆ. ಉಳಿದದ್ದು ನಾಲ್ಕು ಹೆಣ್ಣುಮಕ್ಕಳ ಮುಖ ಮಾತ್ರ. ಗಂಡನ ತಲೆಯ ಕೊಂಬುಗಳು ಆಗ ನೆನಪಾದವು. ನಾಲ್ವರ ಮುಖವನ್ನೂ ತಿರುಪು ಮುಟ್ಟದೆ ಒಂದೇ ಜಾಗದಲ್ಲಿ, ಒಂದರ ಮೇಲೊಂದು ತೆಗೆದರೆ? ಅವರವರದ್ದೇ ಆದದ್ದು ಮಸುಕಾಗಿ, ನಾಲ್ವರಿಗೂ ಅವ್ವನಿಂದ ಬಂದದ್ದು ಗಟ್ಟಿಯಾಗಿ ಮೂಡಬೇಕು. ಲೆಕ್ಕ ಹಾಗೆ ಹೇಳುತ್ತಿತ್ತು.

ದಸರಾ ರಜೆಯಲ್ಲಿ ಹೊರಟೆ. ನಿಯಮಗಳನ್ನು ನಾನೇ ಮಾಡಿಕೊಂಡು, ಎಲ್ಲರಿಗೂ ಮೊದಲೇ ಫೋನಿನಲ್ಲಿ ಹೇಳಿದ್ದೆ. ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದು, ಕನ್ನಡಕ ಇದ್ದರೆ ತೆಗೆದು, ಹೊಸ್ತಿಲಿನ ಒಳಗೆ ಮುಖ ಹೊರಗೆ ಮಾಡಿ ಕೂಡಬೇಕು. ಹಿಂದೆ ಮನೆಯ ಕತ್ತಲು ಇರಬೇಕು, ಕತ್ತಲು ರೀಲಿನ ಮೇಲೆ ಗುರುತು ಬಿಡುವುದಿಲ್ಲ. ಹೊರಗಿನಿಂದ ಬರುವ ಬೆಳಕು ನೆರಳಿನ ಮಂದ ಬೆಳಕಾಗಿರಬೇಕು. ಆಗ ಒಬ್ಬೊಬ್ಬರೂ ತೆಳುವಾಗಿ ಮೂಡಿ, ನಾಲ್ವರೂ ಸೇರಿ ಒಂದು ಪೂರಾ ಮುಖವಾಗುತ್ತದೆ. ಕ್ಯಾಮೆರಾದಿಂದ ಮೂಗಿನವರೆಗೆ ಐದು ಮೊಳ ದಾರ ಅಳೆದಿಟ್ಟೆ. ಮೂಗು ಎಲ್ಲಿ ಬರಬೇಕೆಂದು ಗೊತ್ತಾಗಲು ಇಣುಕುವ ಗಾಜಿನ ಮೇಲೆ ಕಾಡಿಗೆಯ ಚುಕ್ಕೆ ಇಟ್ಟೆ. ತಿರುಪನ್ನು ಯಾರೂ ಮುಟ್ಟದಂತೆ ಗಾಯದ ಪಟ್ಟಿ ಅಂಟಿಸಿದೆ.

ಮೊದಲು ಅವ್ವ. "ನಾ ನಮ್ಮಪ್ಪನಂಗ ಅದೇನಿ, ನನ್ನ ತಗದೇನ ಮಾಡ್ತಿ?" ಎನ್ನುತ್ತಲೇ ಬಂದು ಕೂತಳು. ಸಿಂದಗಿಯಲ್ಲಿ ಚಿಗವ್ವ ಹೊಸ ಇಳಕಲ್ ಸೀರೆ ಉಟ್ಟು, ಪೌಡರು ಹಚ್ಚಿ, ಸುತ್ತಲಿನ ನಾಲ್ಕು ಮನೆಯವರನ್ನು ಕರೆದು ಸಿದ್ಧಳಾಗಿದ್ದಳು. "ಅವ್ವನ ಪಡಿಯಚ್ಚು ನಾನ. ಉಳದವರ್ನ ಯಾಕ ತಗೀತಿ?" ಎಂದು ಕೇಳಿದಳು. ನಗಬಾರದು ಅಂದರೂ ನಕ್ಕಳು. ಮುದ್ದೇಬಿಹಾಳ ಚಿಗವ್ವನದು ಮಾರ್ಕೆಟ್ ಯಾರ್ಡಿನ ಬಳಿ ಖಾನಾವಳಿ. ಮಧ್ಯಾಹ್ನದ ಗಿರಾಕಿಗಳ ನಡುವೆ ರೊಟ್ಟಿ ಬಡಿಯುವ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು ಬಂದು ಕೂತು, "ಲಗೂನ ತಗೀ, ರೊಟ್ಟಿ ಸೀದಾವು" ಅಂದಳು. ಗಂಡ ಹೋದ ಮೇಲೆ ಒಬ್ಬಳೇ ಆ ಖಾನಾವಳಿ ನಡೆಸಿ ಇಬ್ಬರು ಮಕ್ಕಳನ್ನು ಓದಿಸಿದವಳು. ಆ ಮುಖದಲ್ಲಿ ಒಂದು ಸುಳ್ಳು ಗೆರೆ ಇಲ್ಲ. ಡಬ್ಬಿಯ ಹಿಂದೆ ನಿಂತು ಅವಳನ್ನು ನೋಡುವಾಗ ನನಗೆ ಕೈಮುಗಿಯಬೇಕು ಅನಿಸಿತು.

ಕೆಟ್ಟದ್ದು ಬಾಗೇವಾಡಿಯಲ್ಲಿ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ಕ್ಯಾಮೆರಾ ಚೀಲವನ್ನು ಮೇಲಿಡು ಅಂದ ಕಂಡಕ್ಟರನ ಜೊತೆ ಊರು ಮುಟ್ಟುವ ತನಕ ಜಗಳಾಡಿದ್ದೆ. ಅದೇ ತಲೆಬಿಸಿಯಲ್ಲಿ ಚಿಗವ್ವನ ಮನೆಗೆ ಬಂದಾಗ ಸಂಜೆ. ಅವಳ ಬಾಗಿಲು ಪಡುವಣಕ್ಕೆ. ಇಳಿಬಿಸಿಲು ನೇರ ಒಳಗೆ ಬಡಿಯುತ್ತಿತ್ತು. ಬಿಸಿಲು ಹೋಗುವ ತನಕ ಕಾಯಬೇಕಿತ್ತು. ಆದರೆ ಚಿಗವ್ವ ಸೆರಗು ಹೊದ್ದು, ಕನ್ನಡಕ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಆಗಲೇ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. "ನೀ ಬಂದ್ಯಾ? ನೀನ ಹೌದಲ್ಲ?" ಎಂದು ನನ್ನ ಕಡೆ ಕಣ್ಣು ಕಿರಿದು ಮಾಡಿ ಕೇಳಿದಳು. ಇನ್ನೂ ಅರ್ಧ ತಾಸು ಹೀಗೇ ಕೂತಿರು ಎನ್ನಲು ನನಗೆ ಬಾಯಿ ಬರಲಿಲ್ಲ. ದಾರ ಹಿಡಿದೆ, ಚುಕ್ಕೆಗೆ ಮೂಗು ಕೂಡಿಸಿದೆ, ಹಿಡಿಕೆ ಒತ್ತಿದೆ. ಒತ್ತಿದ ಕೂಡಲೇ ಗೊತ್ತಾಯಿತು, ಕೆಡಿಸಿದೆ ಎಂದು.

ಇಂಡಿಗೆ ಬಂದು ತೊಳೆದಾಗ ಅದೇ ಆಗಿತ್ತು. ನೆರಳಿನಲ್ಲಿ ತೆಗೆದ ಮೂವರು ಬರೀ ಮಂಜಿನಷ್ಟು, ಬಿಸಿಲಿನಲ್ಲಿ ತೆಗೆದ ಬಾಗೇವಾಡಿ ಚಿಗವ್ವ ಎಲ್ಲರನ್ನೂ ನುಂಗಿ ಕೂತಿದ್ದಳು. ನಾಲ್ವರ ಮುಖ ಸೇರಿ ಅವರ ಅವ್ವ ಬರುತ್ತಾಳೆಂದು ನಾಲ್ಕು ಊರು ತಿರುಗಿದವಳು ನಾನು. ಬಂದದ್ದು ಅವ್ವನನ್ನು ಕೇಳಿದವಳ ಮುಖವೇ. ಬಚ್ಚಲಿನಲ್ಲಿ ಕೂತು ಅತ್ತೆ. ಅವತ್ತು ಹೊರಗಿನಿಂದ ಗಂಡ ಏನೂ ಕೂಗಲಿಲ್ಲ. ತಣ್ಣೀರಿನಲ್ಲಿ ಹಿತ್ತಲಲ್ಲೇ ಜಳಕ ಮುಗಿಸಿದ್ದರು.

ದೀಪಾವಳಿಗೆ ಮೂವರೂ ಇಂಡಿಗೆ ಬಂದರು. ರೀಲು ಹಾಳಾಯಿತು ಎಂದು ಸುಳ್ಳು ಹೇಳಬೇಕೆಂದಿದ್ದೆ. ಬಾಗೇವಾಡಿ ಚಿಗವ್ವ ಏನೂ ಕೇಳಲಿಲ್ಲ. ಕೇಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ. ಫೋಟೋ ತಂದು ಅವಳ ಕೈಗೆ ಕೊಟ್ಟು, "ತಪ್ಪಾತು ಚಿಗವ್ವ. ಬಿಸಲಾಗ ತಗದೆ" ಅಂದೆ.

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದು ನಾನ ಅಲ್ಲೇನವಾ" ಎಂದು ಮೆಲ್ಲಗೆ ಫೋಟೋವನ್ನು ಚಾಪೆಯ ಮೇಲಿಟ್ಟಳು. ನನ್ನ ತಲೆ ಸವರಿ, "ಇರ್ಲಿ ಬಿಡು. ನೀ ಅಷ್ಟು ಅಡ್ಡಾಡಿದ್ಯಲ್ಲ, ಸಾಕು" ಅಂದಳು. ಸಿಂದಗಿ ಚಿಗವ್ವ ಇಣುಕಿ, "ಅಯ್ಯ, ನಾ ಎಲ್ಲಿ ಅದೇನಿ ಇದರಾಗ? ಪೌಡರ್ ದಂಡ ಆತು" ಎಂದು ನಗೆಯಾಡಿದಳು. ಅವ್ವ ಒಳಗೆ ಕರಚಿಕಾಯಿ ಕರಿಯುತ್ತಿದ್ದವಳು ನಗೆ ಕೇಳಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಗ್ಗಿ ಫೋಟೋ ಎತ್ತಿಕೊಂಡಳು.

ಅವ್ವ ನೆಲಕ್ಕೆ ಕೂತುಬಿಟ್ಟಳು.

"ಇದನ್ನ ಎಲ್ಲಿ ತಗದಿ?"

"ಬಾಗೇವಾಡ್ಯಾಗ. ಚಿಗವ್ವನ ಬಾಗಲಾಗ."

"ಸುಳ್ಳ" ಅಂದಳು ಅವ್ವ. "ಇದು ನಮ್ಮ ಹಳ್ಳಿ ಮನಿ ಬಾಗಲಾ. ಇದು ಅವ್ವ."

ಮುದ್ದೇಬಿಹಾಳ ಚಿಗವ್ವ ಫೋಟೋ ಕಸಿದುಕೊಂಡಳು. ಏನಾದರೂ ಖಾರವಾಗಿ ಅನ್ನಬೇಕೆಂದು ಬಾಯಿ ತೆರೆದವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು. ಸಿಂದಗಿ ಚಿಗವ್ವನೂ ನಗೆ ಬಿಟ್ಟು ಮತ್ತೆ ಬಗ್ಗಿ ನೋಡಿದಳು. ಅವ್ವನೇ ಬಿಡಿಸಿ ಬಿಡಿಸಿ ಹೇಳಿದಳು. ಅಜ್ಜಿಗೆ ದೂರದ್ದು ಕಾಣುತ್ತಿರಲಿಲ್ಲ. ಆ ಕಾಲದಲ್ಲಿ ಹಳ್ಳಿಯ ಹೆಂಗಸಿಗೆ ಕನ್ನಡಕ ಯಾರು ಹಾಕಿಸಬೇಕು? ಸಂಜೆ ಸೆರಗು ಹೊದ್ದು ಬಾಗಿಲಿಗೆ ಬಂದು, ಇಳಿಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎಡಗಡೆಯ ತುಟಿ ಒಂದಿಷ್ಟು ಮೇಲೆತ್ತಿ ದಾರಿ ನೋಡುತ್ತಿದ್ದಳು. ಫೋಟೋದಲ್ಲಿ ಚಿಗವ್ವನ ಕಣ್ಣು ಹಾಗೇ, ತುಟಿ ಹಾಗೇ. ಅವಳ ವಯಸ್ಸನ್ನು ಅಕ್ಕಂದಿರ ಮೂರು ಮಸುಕು ಮುಖಗಳು ಅಳಿಸಿಹಾಕಿದ್ದವು. ತಂಗಿಯನ್ನು ಎತ್ತಿ ಆಡಿಸಿದ ಅಕ್ಕನಿಗೇ ಇಷ್ಟು ವರ್ಷ ಇದು ಕಂಡಿರಲಿಲ್ಲ. ಮೂರನೇ ಇಯತ್ತೆಯಿಂದ ಆ ದಪ್ಪ ಗಾಜು ನಡುವೆ ಇತ್ತು.

ಬಾಗೇವಾಡಿ ಚಿಗವ್ವ ಎದ್ದು ಗೋಡೆಯ ಕನ್ನಡಿಯ ಮುಂದೆ ಹೋದಳು. ಕನ್ನಡಕ ತೆಗೆದಳು. ಹತ್ತಿರ ಹೋದಳು, ಇನ್ನೂ ಹತ್ತಿರ, ಮೂಗು ಗಾಜಿಗೆ ತಾಗುವಷ್ಟು. "ಬರೇ ಕಣ್ಣಷ್ಟ ಕಾಣತೈತಿ, ಮಾರಿ ಕಾಣವಲ್ದು" ಅಂದಳು. ಕನ್ನಡಕ ತೆಗೆದರೆ ಅವಳಿಗೆ ಕನ್ನಡಿಯಲ್ಲಿ ಪೂರಾ ಮುಖ ಕಾಣದು, ಹಾಕಿಕೊಂಡರೆ ಆ ಮುಖ ಇರದು. ಐವತ್ತು ವರ್ಷಕ್ಕೂ ಮಿಕ್ಕಿ ಹೊತ್ತು ತಿರುಗಿದ ಮುಖವನ್ನು ಅವಳು ನೋಡಲು ಈ ಕಾಗದ ಬಿಟ್ಟು ಬೇರೆ ದಾರಿ ಇರಲಿಲ್ಲ. ಆ ಡಬ್ಬಿಯ ಬಗ್ಗೆ ನನಗೆ ಎಂದೂ ಇಲ್ಲದ ಹೆಮ್ಮೆ ಉಕ್ಕಿತು. ನನ್ನ ಜಾಣತನ ಕೆಟ್ಟರೂ ಎದುರಿಗೆ ಇದ್ದದ್ದನ್ನು ಅದು ಬಿಟ್ಟುಕೊಟ್ಟಿರಲಿಲ್ಲ.

ಚಿಗವ್ವ ಕನ್ನಡಕ ಹಾಕಿಕೊಂಡು ಬಂದು ಅಕ್ಕನ ಮಗ್ಗುಲಿಗೆ ಕೂತಳು. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಒಳಗೆ ಎಣ್ಣೆಯಲ್ಲಿ ಬಿಟ್ಟ ಕರಚಿಕಾಯಿ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ.

"ಅಕ್ಕಾ, ಹಿಂಗ ನಿಂತು ಅವ್ವ ಯಾರ ಹಾದಿ ನೋಡ್ತಿದ್ಲು?"

"ನಮ್ಮದ. ನಾವು ಮೂರೂ ಮಂದಿ ಸಾಲಿ ಬಿಟ್ಟು ಬರೂದು ನೋಡ್ತಿದ್ಲು."

"ಅವಾಗ ನಾ ಎಲ್ಲಿರ್ತಿದ್ದೆ?"

ಅವ್ವ ತಂಗಿಯ ಕಡೆ ತಿರುಗಿದಳು. "ಎಲ್ಲಿರ್ತಿ? ಆಕಿ ಟೊಂಕದ ಮ್ಯಾಲ. ನಾವೆಲ್ಲಾ ಆಕಿ ಮಾರಿ ದೂರಿಂದ ನೋಡ್ಕೋತ ಬರ್ತಿದ್ವಿ. ಸನೇದಿಂದ ನೋಡಿದಾಕಿ ನೀನ ಒಬ್ಬಾಕಿ."